ನೀರು ತಡೆದವರು, ನೀರು ಕೊಟ್ಟವರು

ಖಂದಕ್ ಯುದ್ಧದ ಕಥೆ ಕೇಳದ ಮುಸ್ಲಿಮ್ ಮನೆ ಇರಲಾರದು. ಮದ್ರಸಾದಲ್ಲಿ ಓದುವ ಪುಟ್ಟ ಮಕ್ಕಳಿಗೂ ಸಲ್ಮಾನ್ ಫಾರ್ಸಿ(ರ)ರ ಹೆಸರು ಗೊತ್ತು. ಕಂದಕ ತೋಡುವ ಸಲಹೆ ಕೊಟ್ಟವರು ಅವರು ಎಂಬುದೂ ಗೊತ್ತು. ಜುಮಾ ಖುತ್ಬಾದಲ್ಲಿ ಈ ಪ್ರಸಂಗ ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ನಿಲ್ಲುವುದು ಆ ಕಂದಕ, ಆ ಹತ್ತು ಸಾವಿರದ ಸೇನೆ, ಕೊನೆಗೆ ಅಲ್ಲಾಹನು ಕಳುಹಿಸಿದ ಬಿರುಗಾಳಿ. ಆದರೆ ಆ ದಿನಗಳಲ್ಲಿ ಪ್ರವಾದಿ(ಸ)ರು ಹಸಿವೆಗೆ ಹೊಟ್ಟೆಯ ಮೇಲೆ ಕಲ್ಲು ಕಟ್ಟಿಕೊಂಡಿದ್ದರು ಎಂಬುದನ್ನು ನಾವು ಕೇಳಿ ಮರೆಯುತ್ತೇವೆ. ಖಂದಕ್ ಕೇವಲ ಯುದ್ಧವಲ್ಲ, ಅದೊಂದು ಮುತ್ತಿಗೆ. ಮುತ್ತಿಗೆಗಳ ಇತಿಹಾಸವೆಂದರೆ ಬಹುಮಟ್ಟಿಗೆ ಹಸಿವು ಮತ್ತು ಬಾಯಾರಿಕೆಯ ಇತಿಹಾಸ.

ಈ ಲೇಖನದಲ್ಲಿ ನಾವು ಅಂತಹ ಕೆಲವು ಮುತ್ತಿಗೆಗಳನ್ನು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಅನ್ನ-ನೀರಿನ ಕೀಲಿಕೈ ಯಾರ ಬಳಿ ಇತ್ತು? ಅವರು ಅದನ್ನು ಏನು ಮಾಡಿದರು?

ಮುತ್ತಿಗೆಯ ಲೆಕ್ಕಾಚಾರ ಸರಳ. ಕೋಟೆಯೊಳಗಿನವರನ್ನು ಗೆಲ್ಲಲು ಹಿಂದಿನ ಕಾಲದಲ್ಲಿ ಮೂರು ದಾರಿಗಳಿದ್ದವು. ಕಲ್ಲೆಸೆಯುವ ಯಂತ್ರ, ದಿಮ್ಮಿ, ಸುರಂಗಗಳಿಂದ ಗೋಡೆ ಒಡೆಯುವುದು ಒಂದು. ಏಣಿ ಹಾಕಿ ಹತ್ತುವುದು ಇನ್ನೊಂದು. ಮೂರನೆಯದು ಕಾಯುವುದು. ಕಾಯುವುದರಲ್ಲಿ ಮುತ್ತಿದವನ ಸೈನಿಕರು ಕಡಿಮೆ ಸಾಯುತ್ತಾರೆ, ಅದಕ್ಕೇ ಬಹಳ ಮಂದಿ ಸೇನಾಪತಿಗಳು ಅದನ್ನೇ ಆರಿಸಿಕೊಂಡರು. ಫಿರಂಗಿ ಬಂದ ಮೇಲೆ ಗೋಡೆಗಳ ಗತಿ ಬದಲಾಯಿತು. ಸಾವಿರ ವರ್ಷ ನಿಂತಿದ್ದ ಕಾನ್‌ಸ್ಟಾಂಟಿನೋಪಲ್‌ನ ಗೋಡೆಗಳು 1453ರಲ್ಲಿ ಎರಡು ತಿಂಗಳೂ ತಾಳಲಿಲ್ಲ. ಆದರೆ ಫಿರಂಗಿ ಬಂದರೂ ಹಸಿವೆಯೆಂಬ ಹಳೆಯ ಆಯುಧ ಮೂಲೆಗೆ ಬೀಳಲಿಲ್ಲ. ಈ ಆಯುಧಕ್ಕೆ ಒಂದು ವಿಚಿತ್ರ ಗುಣವಿದೆ. ಅದು ಮೊದಲು ಸೈನಿಕನಿಗೆ ತಾಗುವುದಿಲ್ಲ. ದಾರಿ ಮುಚ್ಚಿದ ಕೂಡಲೇ ಧಾನ್ಯದ ಬೆಲೆ ಏರುತ್ತದೆ. ಮೊದಲು ಬಡವ ಹಸಿಯುತ್ತಾನೆ, ಆಮೇಲೆ ಮಕ್ಕಳು, ಮುದುಕರು, ಬಾಣಂತಿಯರು. ಆಯುಧ ಹಿಡಿದವನ ಪಾಲಿನ ರೊಟ್ಟಿ ಕೊನೆಯವರೆಗೂ ಉಳಿದಿರುತ್ತದೆ.

ಗೋಡೆಯಿಲ್ಲದ ಮುತ್ತಿಗೆ

ಇಸ್ಲಾಮಿನ ಇತಿಹಾಸದ ಮೊದಲ ಮುತ್ತಿಗೆಗೆ ಸೇನೆಯೂ ಇರಲಿಲ್ಲ, ಕೋಟೆಯೂ ಇರಲಿಲ್ಲ. ಇದ್ದದ್ದು ಒಂದು ಕಾಗದ. ಪ್ರವಾದಿತ್ವದ ಏಳನೇ ವರ್ಷ, ಅಂದರೆ ಕ್ರಿ.ಶ. 616ರ ಸುಮಾರಿಗೆ, ಕುರೈಶ್ ಮುಖಂಡರು ಒಂದು ಕರಾರು ಬರೆದರು. ಬನೂ ಹಾಶಿಮ್ ಮತ್ತು ಬನೂ ಮುತ್ತಲಿಬ್ ಗೋತ್ರದವರೊಂದಿಗೆ ಯಾರೂ ಹೆಣ್ಣು ಕೊಟ್ಟು ತರಬಾರದು, ಅವರಿಗೆ ಏನನ್ನೂ ಮಾರಬಾರದು, ಅವರಿಂದ ಏನನ್ನೂ ಕೊಳ್ಳಬಾರದು. ಆ ಕರಾರನ್ನು ಕಅಬಾದೊಳಗೆ ತೂಗುಹಾಕಿದರು. ಅಬೂಲಹಬ್‌ನ ಹೊರತು ಇಡೀ ಗೋತ್ರ ಅಬೂತಾಲಿಬರ ಕಣಿವೆಗೆ ಸೇರಿತು. ಅವರಲ್ಲಿ ಈಮಾನ್ ತಂದವರೂ ಇದ್ದರು, ತರದವರೂ ಇದ್ದರು. ರಕ್ತಸಂಬಂಧಿಯ ಪಕ್ಕ ನಿಲ್ಲಬೇಕೆಂಬ ಒಂದೇ ಕಾರಣಕ್ಕೆ ಈಮಾನ್ ಇಲ್ಲದವರೂ ಮೂರು ವರ್ಷ ಹಸಿದರು.

ಹೊರಗಿನಿಂದ ಬರುವ ವ್ಯಾಪಾರಿಗಳ ಸರಕನ್ನು ಕುರೈಶರು ಮೊದಲೇ ಖರೀದಿಸಿಬಿಡುತ್ತಿದ್ದರು. ಕಣಿವೆಯವರು ಮರದ ಎಲೆಗಳನ್ನು ತಿಂದರು. ಹಸಿದ ಮಕ್ಕಳ ಅಳು ಕಣಿವೆಯಾಚೆಗೂ ಕೇಳಿಸುತ್ತಿತ್ತು ಎಂದು ಚರಿತ್ರೆಕಾರರು ಬರೆದಿದ್ದಾರೆ. ಮಕ್ಕಾದ ಆ ಊರವರು ಆ ಅಳು ಕೇಳುತ್ತಲೇ ಮಲಗಿದರು. ಆದರೆ ಎಲ್ಲರೂ ಮಲಗಲಿಲ್ಲ ಎಂಬುದನ್ನೂ ನಾವು ಮಕ್ಕಳಿಗೆ ಹೇಳಬೇಕು. ಹಿಶಾಮ್ ಬಿನ್ ಅಮ್ರ್ ಎಂಬವರು ರಾತ್ರಿ ಹೊತ್ತು ಒಂಟೆಯ ಮೇಲೆ ಧಾನ್ಯ ಹೇರಿ, ಕಣಿವೆಯ ಬಾಯಿಗೆ ತಂದು, ಮೂಗುದಾರ ಬಿಚ್ಚಿ, ಒಂದೇಟು ಕೊಟ್ಟು ಒಳಗೆ ಓಡಿಸಿಬಿಡುತ್ತಿದ್ದರು. ಹಕೀಮ್ ಬಿನ್ ಹಿಝಾಮ್ ತಮ್ಮ ಅತ್ತೆ ಖದೀಜಾ(ರ)ರಿಗೆ ಗೋಧಿ ಒಯ್ಯುತ್ತಿದ್ದಾಗ ಅಬೂಜಹಲ್ ದಾರಿಗೆ ಅಡ್ಡ ನಿಂತ. ಅಬುಲ್ ಬಖ್ತರಿ ಎಂಬವನು ಬಂದು ಅವನೊಡನೆ ಜಗಳವಾಡಿ, ಆ ಗೋಧಿಯನ್ನು ಒಳಗೆ ಹೋಗಲು ಬಿಡಿಸಿದ. ಕೊನೆಗೆ ಹಿಶಾಮ್ ಒಬ್ಬೊಬ್ಬರನ್ನೇ ಭೇಟಿಯಾಗಿ ಐದು ಮಂದಿಯನ್ನು ಒಟ್ಟುಗೂಡಿಸಿದರು. ಮುತ್ಇಮ್ ಬಿನ್ ಅದೀ, ಝುಹೈರ್, ಝಮ್ಆ, ಅಬುಲ್ ಬಖ್ತರಿ ಅವರಲ್ಲಿದ್ದರು. ನಾವು ಉಂಡು ಉಟ್ಟು ಇರುವಾಗ ಹಾಶಿಮ್ ಮನೆತನದವರು ಸಾಯುವುದೇ ಎಂದು ಅವರು ಕಅಬಾದ ಅಂಗಳದಲ್ಲಿ ಎದ್ದು ನಿಂತು ಕೇಳಿದರು. ಕರಾರನ್ನು ಹರಿಯಲು ಹೋದಾಗ, ಅಲ್ಲಾಹನ ಹೆಸರಿನ ಭಾಗವೊಂದನ್ನು ಬಿಟ್ಟು ಉಳಿದುದನ್ನು ಗೆದ್ದಲು ತಿಂದಿತ್ತು.

ಆ ಐವರಲ್ಲಿ ಯಾರೂ ಅಂದು ಮುಸ್ಲಿಮರಾಗಿರಲಿಲ್ಲ. ಪ್ರವಾದಿ(ಸ)ರು ಅವರ ಉಪಕಾರವನ್ನು ಮರೆಯಲಿಲ್ಲ. ಬದ್ರ್‌ನಲ್ಲಿ ಶತ್ರುಗಳ ಸಾಲಿನಲ್ಲಿ ಬಂದ ಅಬುಲ್ ಬಖ್ತರಿಯನ್ನು ಕೊಲ್ಲಬಾರದೆಂದು ಸಂಗಾತಿಗಳಿಗೆ ಮೊದಲೇ ಹೇಳಿದ್ದರು. ಬದ್ರ್‌ನ ಸೆರೆಯಾಳುಗಳ ವಿಷಯ ಬಂದಾಗ, ಮುತ್ಇಮ್ ಬದುಕಿದ್ದು ಕೇಳಿದ್ದರೆ ಅವರೆಲ್ಲರನ್ನೂ ಬಿಟ್ಟುಕೊಡುತ್ತಿದ್ದೆ ಎಂಬರ್ಥದ ಮಾತು ಹೇಳಿದರು. ಹಸಿದವನಿಗೆ ಕೈ ನೀಡಿದವನ ಧರ್ಮ ಯಾವುದೆಂದು ಅವರು ಲೆಕ್ಕ ಹಾಕಲಿಲ್ಲ.

ಖಂದಕ್‌ನ ಹಸಿವು

ಹಿಜ್ರಿ 5, ಕ್ರಿ.ಶ. 627. ಕುರೈಶರು, ಗತಫಾನ್ ಮತ್ತು ಇತರ ಗೋತ್ರಗಳು ಸೇರಿ ಸುಮಾರು 10,000 ಮಂದಿ ಮದೀನಾದತ್ತ ಬಂದರು. ಮದೀನಾದಲ್ಲಿ ಹೋರಾಡಬಲ್ಲವರು ಸುಮಾರು 3,000. ಊರಿನ ಬಹುಭಾಗದ ಸುತ್ತ ಕಪ್ಪು ಕಲ್ಲಿನ ಬೆಂಗಾಡು, ಖರ್ಜೂರದ ತೋಟ ಮತ್ತು ಒತ್ತೊತ್ತಾದ ಮನೆಗಳಿದ್ದವು. ಕುದುರೆಗಳು ನುಗ್ಗಲು ಸಾಧ್ಯವಿದ್ದದ್ದು ಉತ್ತರದ ಕಡೆಯಿಂದ. ಅಲ್ಲಿಯೇ ಕಂದಕ ತೋಡಿದರು. ಪಾರಸೀಕ ದೇಶದಿಂದ ಬಂದ ಸಲ್ಮಾನ್(ರ) ತಮ್ಮ ನಾಡಿನ ರೂಢಿಯನ್ನು ಹೇಳಿದಾಗ, ಇದು ಅರಬರ ಪದ್ಧತಿಯಲ್ಲ ಎಂದು ಯಾರೂ ತಳ್ಳಿಹಾಕಲಿಲ್ಲ. ಪ್ರವಾದಿ(ಸ)ರು ಸ್ವತಃ ಮಣ್ಣು ಹೊತ್ತರು.

ಆ ಚಳಿಯಲ್ಲಿ ಮದೀನಾದಲ್ಲಿ ಆಹಾರ ತೀರಾ ಕಡಿಮೆಯಿತ್ತು. ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಪ್ರವಾದಿ(ಸ)ರ ಹೊಟ್ಟೆಯ ಮೇಲಿನ ಕಲ್ಲನ್ನು ನೋಡಿ ತಾಳಲಾರದೆ ಮನೆಗೆ ಓಡಿದರು. ಮನೆಯಲ್ಲಿದ್ದದ್ದು ಒಂದು ಆಡಿನ ಮರಿ, ಒಂದು ಅಳತೆ ಜವೆ. ಒಬ್ಬಿಬ್ಬರನ್ನು ಕರೆತನ್ನಿ ಎಂದು ಗುಟ್ಟಾಗಿ ಹೇಳಿದರೆ ಪ್ರವಾದಿ(ಸ)ರು ಕಂದಕದ ಬಳಿ ಇದ್ದವರನ್ನೆಲ್ಲ ಕರೆದರು. ಎಲ್ಲರೂ ಉಂಡರು, ಮತ್ತೂ ಉಳಿಯಿತು. ಈ ಘಟನೆಯನ್ನು ನಾವು ಮುಅ್ಜಿಝಾ ಎಂದು ಹೇಳುತ್ತೇವೆ, ಅದು ಸರಿ. ಅದರೊಳಗೆ ಮುತ್ತಿಗೆಯ ಕಾಲದ ಒಂದು ನಿಯಮವೂ ಇದೆ. ನಾಯಕನು ಒಬ್ಬನೇ ಉಣ್ಣಲಿಲ್ಲ.

ಮುತ್ತಿಗೆ ಒಂದು ತಿಂಗಳಿನ ಹತ್ತಿರ ನಡೆಯಿತು. ಮುತ್ತಿದವರಿಗೂ ಸುಖವಿರಲಿಲ್ಲ. ಹೊಲದ ಬೆಳೆ ಮೊದಲೇ ಕೊಯ್ಲಾಗಿದ್ದರಿಂದ ಅವರ ಕುದುರೆ-ಒಂಟೆಗಳಿಗೆ ಮೇವು ಸಿಗಲಿಲ್ಲ. ನುಅೈಮ್ ಬಿನ್ ಮಸ್ಊದ್(ರ)ರ ಜಾಣ್ಮೆಯಿಂದ ಮಿತ್ರಗೋತ್ರಗಳ ನಡುವೆ ಅಪನಂಬಿಕೆ ಹುಟ್ಟಿತು. ಕೊನೆಗೆ ಚಳಿಗಾಳಿ ಬೀಸಿ ಡೇರೆಗಳನ್ನು ಕಿತ್ತಿತು, ಒಲೆಗಳನ್ನು ಆರಿಸಿತು. ಕುರ್‌ಆನಿನಲ್ಲಿ ಸೂರಃ ಅಲ್-ಅಹ್‌ಝಾಬ್‌ಗೆ ಆ ಹೆಸರು ಬಂದದ್ದೇ ಈ ಮುತ್ತಿಗೆಯಿಂದ. ಅಂದಿನ ಭಯವನ್ನು ಅದು ಮರೆಮಾಚದೆ ನೆನಪಿಸುತ್ತದೆ.

ಕೀಲಿಕೈ ನಮ್ಮ ಕೈಗೆ ಬಂದಾಗ

ಕಣಿವೆಯಲ್ಲಿ ಮೂರು ವರ್ಷ, ಖಂದಕ್‌ನಲ್ಲಿ ಒಂದು ತಿಂಗಳು. ಎರಡು ಬಾರಿಯೂ ಹಸಿವೆಯನ್ನು ಹೇರಿದವರು ಮಕ್ಕಾದವರು. ಈಗ ಪಾತ್ರ ಬದಲಾಗುವ ಪ್ರಸಂಗ ನೋಡಿ.

ಯಮಾಮಾ ಪ್ರದೇಶದ ಬನೂ ಹನೀಫಾ ಗೋತ್ರದ ಮುಖಂಡ ಸುಮಾಮಾ ಬಿನ್ ಉಸಾಲ್ ಸೆರೆ ಸಿಕ್ಕರು. ಅವರನ್ನು ಮಸ್ಜಿದುನ್ನಬವಿಯ ಕಂಬಕ್ಕೆ ಕಟ್ಟಲಾಯಿತು. ಮೂರು ದಿನ ಪ್ರವಾದಿ(ಸ)ರು ಅವರ ಬಳಿ ಬಂದು ಮಾತಾಡಿಸಿ, ಮೂರನೇ ದಿನ ಯಾವ ಷರತ್ತೂ ಇಲ್ಲದೆ ಬಿಡಿಸಿದರು. ಹೊರಗೆ ಹೋಗಿ ಸ್ನಾನ ಮಾಡಿ ಬಂದ ಸುಮಾಮಾ(ರ) ಇಸ್ಲಾಮ್ ಸ್ವೀಕರಿಸಿದರು. ಉಮ್ರಾಕ್ಕೆಂದು ಮಕ್ಕಾಕ್ಕೆ ಹೋದಾಗ ಅಲ್ಲಿಯವರು ಹಂಗಿಸಿದರು. ಪ್ರವಾದಿ(ಸ)ರ ಅನುಮತಿಯಿಲ್ಲದೆ ಯಮಾಮಾದಿಂದ ಗೋಧಿಯ ಒಂದು ಕಾಳೂ ನಿಮಗೆ ಬರಲಾರದು ಎಂದು ಅವರು ಹೇಳಿ ಹೋದರು, ಹಾಗೆಯೇ ಮಾಡಿದರು. ಮಕ್ಕಾದ ಕಣಿವೆಯಲ್ಲಿ ಬೇಸಾಯವಿಲ್ಲ. ಯಮಾಮಾದ ಧಾನ್ಯ ನಿಂತರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ಮಕ್ಕಾದವರು ನಾಚಿಕೆ ಬಿಟ್ಟು ಪ್ರವಾದಿ(ಸ)ರಿಗೆ ಪತ್ರ ಬರೆದರು. ನೀವು ಬಂಧುತ್ವವನ್ನು ಉಳಿಸಿರೆಂದು ಬೋಧಿಸುವವರಲ್ಲವೇ ಎಂದು ಕೇಳಿದರು. ಎಲೆ ತಿಂದ ಮೂರು ವರ್ಷಗಳನ್ನು ನೆನಪಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿತ್ತೇ? ಇಬ್ಬರ ನಡುವೆ ಯುದ್ಧಸ್ಥಿತಿ ಇನ್ನೂ ಮುಗಿದಿರಲಿಲ್ಲ. ಆದರೂ ಪ್ರವಾದಿ(ಸ)ರು ಸುಮಾಮಾ(ರ)ರಿಗೆ ಬರೆದು ಧಾನ್ಯ ಬಿಡಿಸಿದರು. ಕಣಿವೆಯ ಹಸಿವೆಗೆ ಅವರು ಕೊಟ್ಟ ಉತ್ತರ ಇದು.

ಹಿಜ್ರಿ 8ರಲ್ಲಿ ತಾಯಿಫ್‌ನ ಮುತ್ತಿಗೆಯೂ ನಡೆಯಿತು. ಹತ್ತು ವರ್ಷಗಳ ಹಿಂದೆ ಕಲ್ಲೆಸೆದು ಪ್ರವಾದಿ(ಸ)ರ ಕಾಲನ್ನು ರಕ್ತ ಮಾಡಿದ್ದ ಊರದು. ಇಲ್ಲಿ ಕಲ್ಲೆಸೆಯುವ ಯಂತ್ರವನ್ನೂ ಬಳಸಲಾಯಿತು. ಗೋಡೆಯ ಮೇಲಿನಿಂದ ಅವರು ಕಾದ ಕಬ್ಬಿಣ ಎಸೆದರು. ದ್ರಾಕ್ಷಿ ತೋಟಗಳನ್ನು ಕಡಿಯಲು ಆರಂಭಿಸಿದಾಗ, ಅಲ್ಲಾಹನಿಗಾಗಿ ಮತ್ತು ಬಂಧುತ್ವಕ್ಕಾಗಿ ಬಿಡಿ ಎಂದು ಒಳಗಿನವರು ಕೂಗಿ ಬೇಡಿದರು. ಕಡಿಯುವುದನ್ನು ನಿಲ್ಲಿಸಲಾಯಿತು. ಊರು ಶರಣಾಗಲಿಲ್ಲ. ಪ್ರವಾದಿ(ಸ)ರು ಮುತ್ತಿಗೆಯನ್ನು ಹಿಂದೆಗೆದುಕೊಂಡರು. ಸಕೀಫ್ ಗೋತ್ರವನ್ನು ಶಪಿಸಿರಿ ಎಂದು ಕೇಳಿದವರ ಮುಂದೆ ಅವರ ಹಿದಾಯತ್‌ಗಾಗಿ ದುಆ ಮಾಡಿದರು. ಮರುವರ್ಷ ತಾಯಿಫ್‌ನ ನಿಯೋಗ ತಾನಾಗಿ ಮದೀನಾಕ್ಕೆ ಬಂತು. ಮುತ್ತಿಗೆ ಗೆಲ್ಲದ ಊರನ್ನು ದುಆ ಗೆದ್ದಿತು.

ನಾವು ನಮ್ಮವರನ್ನೇ ಮುತ್ತಿದಾಗ

ಇಲ್ಲಿಯವರೆಗೆ ಓದುವುದು ನಮಗೆ ಹಿತ. ಮುಂದಿನದು ಹಾಗಲ್ಲ. ಆದರೆ ಇತಿಹಾಸದಿಂದ ಪಾಠ ಬೇಕಾದವರು ಹಿತವಾದ ಪುಟಗಳನ್ನು ಮಾತ್ರ ತಿರುವಬಾರದು.

ಹಿಜ್ರತ್‌ನ ನಂತರ ಮದೀನಾದಲ್ಲಿ ಸಿಹಿನೀರಿಗೆ ತತ್ವಾರವಿತ್ತು. ರೂಮಾ ಎಂಬ ಬಾವಿಯ ಒಡೆಯ ನೀರನ್ನು ಮಾರುತ್ತಿದ್ದ. ಹಝ್ರತ್ ಉಸ್ಮಾನ್(ರ) ಸ್ವಂತ ಹಣದಿಂದ ಆ ಬಾವಿಯನ್ನು ಕೊಂಡು ಎಲ್ಲರಿಗೂ ವಕ್ಫ್ ಮಾಡಿದರು. ಹಿಜ್ರಿ 35, ಕ್ರಿ.ಶ. 656ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಖಲೀಫರಾಗಿದ್ದ ಅದೇ ಉಸ್ಮಾನ್(ರ)ರ ಮನೆಯನ್ನು ಬಂಡುಕೋರರು ಮುತ್ತಿದರು. ದಿನಗಳು ಕಳೆದಂತೆ ನೀರನ್ನೂ ತಡೆದರು. ಅವರು ಮಾಡಿನ ಮೇಲಿನಿಂದ ಜನರನ್ನು ಕರೆದು, ರೂಮಾ ಬಾವಿಯನ್ನು ಕೊಂಡವನು ನಾನೇ ಎಂಬುದು ನಿಮಗೆ ಗೊತ್ತಿಲ್ಲವೇ ಎಂದು ಕೇಳಿದರು. ಗೊತ್ತಿದೆ ಎಂದು ಉತ್ತರ ಬಂತು. ಹಾಗಿದ್ದೂ ನೀರು ಬಿಡಲಿಲ್ಲ. ಹಝ್ರತ್ ಅಲೀ(ರ) ನೀರಿನ ಚರ್ಮಚೀಲಗಳನ್ನು ಕಳುಹಿಸಿದರು. ವಿಶ್ವಾಸಿಗಳ ಮಾತೆ ಉಮ್ಮು ಹಬೀಬಾ(ರ) ಹೇಸರಗತ್ತೆಯೇರಿ ಬಂದಾಗ ಅವರನ್ನು ಒರಟಾಗಿ ಹಿಂದಕ್ಕೆ ಕಳುಹಿಸಿದರು. ತಮಗಾಗಿ ಮುಸ್ಲಿಮರು ಮುಸ್ಲಿಮರ ರಕ್ತ ಚೆಲ್ಲಬಾರದೆಂದು ಉಸ್ಮಾನ್(ರ) ಕಾವಲಿನವರನ್ನೂ ತಡೆದರು. ಉಪವಾಸವಿದ್ದು ಕುರ್‌ಆನ್ ಓದುತ್ತಿದ್ದ ಸ್ಥಿತಿಯಲ್ಲಿ ಅವರನ್ನು ಕೊಂದರು. ಆ ಬಂಡುಕೋರರು ಹೊರಗಿನ ಶತ್ರುಗಳಲ್ಲ. ಕಲಿಮಾ ಹೇಳುವವರು, ನಮಾಝ್ ಮಾಡುವವರು. ತಾವು ನ್ಯಾಯಕ್ಕಾಗಿ ನಿಂತಿದ್ದೇವೆ ಎಂದು ನಂಬಿದ್ದವರು.

ಇಪ್ಪತ್ತನಾಲ್ಕು ವರ್ಷಗಳ ಬಳಿಕ, ಕ್ರಿ.ಶ. 680ರಲ್ಲಿ, ಕರ್ಬಲಾ. ತಮ್ಮನ್ನು ತಡೆಯಲು ಬಂದ ಹುರ್ ಮತ್ತು ಅವನ ಸಾವಿರ ಸವಾರರು ಬಿಸಿಲಲ್ಲಿ ಬಾಯಾರಿರುವುದನ್ನು ಕಂಡು ಇಮಾಮ್ ಹುಸೈನ್(ರ) ಅವರಿಗೂ ಅವರ ಕುದುರೆಗಳಿಗೂ ನೀರು ಕುಡಿಸಿದ್ದರು. ಕೆಲವೇ ದಿನಗಳಲ್ಲಿ, ಮುಹರ್ರಮ್ 7ರಿಂದ, ಯೂಫ್ರೆಟಿಸ್ ನದಿ ಕಣ್ಣೆದುರಿಗೆ ಹರಿಯುತ್ತಿರುವಾಗಲೇ ಹುಸೈನ್(ರ)ರ ಬಿಡಾರಕ್ಕೆ, ಮಕ್ಕಳು ಹೆಂಗಸರು ಇದ್ದ ಡೇರೆಗಳಿಗೆ, ನೀರು ತಡೆದರು. 692ರಲ್ಲಿ ಹಜ್ಜಾಜ್‌ನ ಸೇನೆ ಮಕ್ಕಾವನ್ನೇ ತಿಂಗಳುಗಟ್ಟಲೆ ಮುತ್ತಿ, ಹರಮ್‌ನ ಮೇಲೆ ಕಲ್ಲೆಸೆಯುವ ಯಂತ್ರಗಳನ್ನು ಪ್ರಯೋಗಿಸಿತು. ಅಬ್ದುಲ್ಲಾಹ್ ಬಿನ್ ಝುಬೈರ್(ರ) ಅಲ್ಲಿ ಹುತಾತ್ಮರಾದರು.

ನೀರು ತಡೆಯುವುದನ್ನು ಕಲಿಯಲು ಶತ್ರುವೇ ಆಗಬೇಕಿಲ್ಲ. ಕೋಪ ಸಾಕು, ತಾನೇ ಸರಿಯೆಂಬ ಹಟ ಸಾಕು.

ಜೆರುಸಲೇಮಿನ ಬಾಗಿಲು

ಮುತ್ತಿಗೆಯಲ್ಲಿ ಅತ್ಯಂತ ಅಪಾಯದ ಗಳಿಗೆ ಬಾಗಿಲು ತೆರೆಯುವ ಗಳಿಗೆ. ತಿಂಗಳುಗಟ್ಟಲೆ ಕಾದವನ ಸಿಟ್ಟು ಆಗ ಹೊರಗೆ ಬರುತ್ತದೆ. ಒಂದೇ ಊರು ಈ ಗಳಿಗೆಯನ್ನು ಮೂರು ರೀತಿಯಲ್ಲಿ ಕಂಡಿದೆ.

ಹಝ್ರತ್ ಉಮರ್(ರ)ರ ಕಾಲದಲ್ಲಿ ಜೆರುಸಲೇಮ್ ಮುತ್ತಿಗೆಗೆ ಒಳಗಾದಾಗ ಅಲ್ಲಿಯ ಕ್ರೈಸ್ತ ಧರ್ಮಗುರು ಸೊಫ್ರೋನಿಯಸ್ ಖಲೀಫರೇ ಬರಲಿ ಎಂದರು. ಉಮರ್(ರ) ಬಂದರು. ಜನರ ಪ್ರಾಣ, ಸೊತ್ತು, ಚರ್ಚುಗಳಿಗೆ ಅಭಯ ಕೊಟ್ಟರು. ಲೂಟಿಯಿಲ್ಲದೆ ಬಾಗಿಲು ತೆರೆಯಿತು. 1099ರ ಜುಲೈ 15ರಂದು, ಐದು ವಾರಗಳ ಮುತ್ತಿಗೆಯ ಬಳಿಕ, ಶಿಲುಬೆ ಯುದ್ಧದವರು ಅದೇ ಊರಿಗೆ ನುಗ್ಗಿ ಅಲ್ಲಿಯ ಮುಸ್ಲಿಮರನ್ನೂ ಯಹೂದಿಯರನ್ನೂ ಸಾಮೂಹಿಕವಾಗಿ ಕೊಂದರು. 1187ರ ಅಕ್ಟೋಬರ್ 2ರಂದು ಸುಲ್ತಾನ್ ಸಲಾಹುದ್ದೀನ್ ಅದೇ ಬಾಗಿಲ ಮುಂದೆ ನಿಂತಾಗ ಸೇಡಿಗೆ ಕಾರಣ ಬೇಕಾದಷ್ಟಿತ್ತು. ಆದರೆ ಒಳಗಿದ್ದ ಬೇಲಿಯನ್ ಎಂಬ ಸರದಾರನೊಂದಿಗೆ ಒಪ್ಪಂದವಾಗಿ, ಗಂಡಸಿಗೆ ಹತ್ತು ದೀನಾರ್, ಹೆಂಗಸಿಗೆ ಐದು, ಮಕ್ಕಳಿಗೆ ಅದಕ್ಕೂ ಕಡಿಮೆ ಕೊಟ್ಟು ಬಿಡುಗಡೆ ಪಡೆಯಲು ನಲವತ್ತು ದಿನಗಳ ಅವಕಾಶ ಸಿಕ್ಕಿತು. ಸುಲ್ತಾನನ ತಮ್ಮ ಅಲ್-ಆದಿಲ್ ಸಾವಿರ ಮಂದಿ ಬಡವರನ್ನು ತನಗೆ ಕೊಡಬೇಕೆಂದು ಕೇಳಿಕೊಂಡು, ಎಲ್ಲರನ್ನೂ ಬಿಟ್ಟುಬಿಟ್ಟ. ಸುಲ್ತಾನನೂ ಮುದುಕರನ್ನು ಹಣವಿಲ್ಲದೆ ಹೋಗಗೊಟ್ಟ. ಹಾಗಿದ್ದರೂ ಹಣ ಹೊಂದಿಸಲಾಗದ ಸಾವಿರಾರು ಮಂದಿ ಗುಲಾಮರಾದರು ಎಂಬುದನ್ನೂ ನಾವು ಹೇಳಬೇಕು. ಆದರೆ ಅಂದು ಬೀದಿಗಳಲ್ಲಿ ಹತ್ಯಾಕಾಂಡ ನಡೆಯಲಿಲ್ಲ. ಎಂಬತ್ತೆಂಟು ವರ್ಷಗಳ ಸೇಡು ಬಾಗಿಲ ಹೊರಗೇ ನಿಂತಿತು.

ನಮ್ಮ ನೆಲದ ಕೋಟೆಗಳು

ನಮ್ಮ ನಾಡಿಗೂ ಮುತ್ತಿಗೆಯ ನೆನಪಿದೆ. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮಂಗಳೂರಿನ ಕೋಟೆಯನ್ನು ಮುತ್ತಿದ. ಕರ್ನಲ್ ಕ್ಯಾಂಪ್‌ಬೆಲ್‌ನ ನಾಯಕತ್ವದಲ್ಲಿ ಒಳಗಿದ್ದ ಇಂಗ್ಲಿಷರ ಸಿಪಾಯಿಗಳು ಎಂಟು ತಿಂಗಳು ತಡೆದು ನಿಂತರು. ಹಸಿವೆ ಮತ್ತು ರೋಗ ಅವರನ್ನು ಅರೆದುಹಾಕಿತು. 1784ರ ಜನವರಿ 30ರಂದು ಕೋಟೆ ಶರಣಾದಾಗ ಬದುಕಿ ಉಳಿದವರನ್ನು ಸುಲ್ತಾನ ಮರ್ಯಾದೆಯೊಂದಿಗೆ ತಲಶ್ಶೇರಿಗೆ ಹೋಗಲು ಬಿಟ್ಟ. ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಕರಾವಳಿಯ ಸಾವಿರಾರು ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಸುಲ್ತಾನನ ಶೌರ್ಯವನ್ನು ಸ್ಮರಿಸುವ ನಾವು ನಮ್ಮ ನೆರೆಯ ಕ್ರೈಸ್ತ ಬಂಧುಗಳ ಈ ನೋವಿನ ನೆನಪಿಗೆ ಕಿವಿ ಮುಚ್ಚಬಾರದು. ಆಳುವವನ ತಪ್ಪನ್ನು ಒಪ್ಪಿಕೊಂಡರೆ ದೀನ್ ಚಿಕ್ಕದಾಗುವುದಿಲ್ಲ.

ನಂತರ ಸುಲ್ತಾನನದೇ ಸರದಿ ಬಂತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. ಮೈದಾನದ ಕಾಳಗದಲ್ಲಿ ಗೆದ್ದರೂ ಅವನ ಎತ್ತುಗಳು ಮೇವಿಲ್ಲದೆ ಸತ್ತವು, ಸೈನಿಕರಿಗೆ ಅಕ್ಕಿ ಇರಲಿಲ್ಲ. ಎಳೆಯಲು ಎತ್ತಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಹಸಿವು ಕೋಟೆಯ ಹೊರಗೂ ಇರುತ್ತದೆ. 1792ರಲ್ಲಿ ಅವನು ಮತ್ತೆ ಬಂದಾಗ ಸುಲ್ತಾನ್ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರ ಮೇ 4ರ ಮಧ್ಯಾಹ್ನ ಒಡೆದ ಗೋಡೆಯಿಂದ ಇಂಗ್ಲಿಷರ ಸೇನೆ ಒಳನುಗ್ಗಿತು. ಸುಲ್ತಾನ್ ಹೋರಾಡುತ್ತಲೇ ಹುತಾತ್ಮನಾದ. ಆ ರಾತ್ರಿ ಊರು ಲೂಟಿಯಾಯಿತು. ಲೂಟಿಗಾರರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಅದು ನಿಂತದ್ದು.

ಕಾನೂನು ಬಂತು, ಮುತ್ತಿಗೆ ಹೋಗಲಿಲ್ಲ

ಇದೆಲ್ಲ ಹಳೆಯ ಕಾಲದ ಮಾತು ಎನ್ನುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು 1941ರ ಸೆಪ್ಟೆಂಬರ್‌ನಿಂದ 1944ರ ಜನವರಿವರೆಗೆ ಮುತ್ತಿತ್ತು. ಮೊದಲ ಚಳಿಗಾಲದಲ್ಲಿ ಬಹಳ ಮಂದಿಗೆ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ ರೊಟ್ಟಿ, ಅದರಲ್ಲೂ ಕಲಬೆರಕೆ. ಲಕ್ಷಾಂತರ ಜನ ಸತ್ತರು. ಆ ನಗರದ ಒಂದು ಸಂಸ್ಥೆಯಲ್ಲಿ ಲೋಕದ ನಾನಾ ಕಡೆಯ ಬೀಜಗಳ ಸಂಗ್ರಹವಿತ್ತು. ಅದನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಭತ್ತ, ಗೋಧಿ ಕಣ್ಣೆದುರಿಗಿದ್ದರೂ ಅದನ್ನು ಮುಟ್ಟದೆ ಹಸಿವಿನಿಂದ ಸತ್ತರು. ಮುಂದಿನ ಪೀಳಿಗೆಯ ಅಮಾನತ್ ಎಂದು ಕಾಳನ್ನು ಕಾಯ್ದವರು ಅವರು.

1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ನಿಯಮಗಳಲ್ಲಿ, ನಾಗರಿಕರನ್ನು ಹಸಿವಿನಿಂದ ಸಾಯಿಸುವುದನ್ನು ಯುದ್ಧದ ವಿಧಾನವಾಗಿ ಬಳಸುವುದು ನಿಷಿದ್ಧವೆಂದು ಬರೆಯಲಾಯಿತು. ಆಹಾರ, ಬೆಳೆ, ಕುಡಿಯುವ ನೀರಿನ ವ್ಯವಸ್ಥೆಯನ್ನು ನಾಶಮಾಡುವುದನ್ನೂ ಅದು ತಡೆಯುತ್ತದೆ. ಶಾಮ್‌ಗೆ ಹೊರಟ ಸೇನೆಗೆ ಹಝ್ರತ್ ಅಬೂಬಕರ್(ರ) ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬಾರದು, ಹಣ್ಣಿನ ಮರ ಕಡಿಯಬಾರದು ಎಂದು ಕೊಟ್ಟ ಉಪದೇಶ ನಮಗೆ ನೆನಪಾಗದಿರದು. ಆದರೆ ನಿಯಮ ಬರೆದ ಹದಿನೈದು ವರ್ಷಗಳಲ್ಲೇ ಬೋಸ್ನಿಯಾದ ಸರಾಯೆವೋ ನಗರ ಮುತ್ತಿಗೆಗೆ ಬಿತ್ತು. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ, 1,425 ದಿನ. ಗುಡ್ಡಗಳ ಮೇಲಿಂದ ಗುಂಡು ಬೀಳುತ್ತಿರುವಾಗ ಜನ ಕ್ಯಾನ್ ಹಿಡಿದು ನೀರಿನ ಸಾಲಿನಲ್ಲಿ ನಿಂತರು, ಅಲ್ಲಿಯೇ ಸತ್ತರು. ವಿಮಾನ ನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ ಇಕ್ಕಟ್ಟಾದ ಸುರಂಗ ತೋಡಿ ಧಾನ್ಯ, ಔಷಧ ತಂದರು. ಅದು ಅವರ ಖಂದಕ್. ಗಾಝಾದ ಮೇಲೆ 2007ರಿಂದ ದಿಗ್ಬಂಧನವಿದೆ. 2023ರ ಅಕ್ಟೋಬರ್ 9ರಂದು ಇಸ್ರೇಲಿನ ರಕ್ಷಣಾ ಸಚಿವರು ಸಂಪೂರ್ಣ ಮುತ್ತಿಗೆಯನ್ನು ಬಹಿರಂಗವಾಗಿಯೇ ಘೋಷಿಸಿದರು. ವಿದ್ಯುತ್, ಆಹಾರ, ಇಂಧನ ಎಲ್ಲವನ್ನೂ ತಡೆಯುವುದಾಗಿ ಹೇಳಿದರು. ಆ ಮೇಲಿನ ಹಸಿವೆಯನ್ನು ಲೋಕವೆಲ್ಲ ನೋಡಿದೆ. ಮಕ್ಕಾದ ಊರವರ ಹಾಗೆ ನಾವೂ ಮಕ್ಕಳ ಅಳು ಕೇಳುತ್ತ ಮಲಗಿದವರೇ ಎಂಬ ಪ್ರಶ್ನೆ ನಾಳೆ ನಮಗೂ ಬರಲಿದೆ.

ನಮ್ಮ ಮೊಹಲ್ಲಾದ ಕಣಿವೆ

ಪ್ರವಾದಿ(ಸ)ರು ಹೇಳಿದ ಎರಡು ಘಟನೆಗಳು ನಮಗೆಲ್ಲ ಗೊತ್ತಿವೆ. ಒಬ್ಬ ಹೆಂಗಸು ಬೆಕ್ಕನ್ನು ಕೂಡಿಹಾಕಿದಳು. ತಾನೂ ತಿನ್ನಲು ಕೊಡಲಿಲ್ಲ, ಹೊರಗೆ ಹೋಗಿ ತಿನ್ನಲೂ ಬಿಡಲಿಲ್ಲ. ಅವಳು ನರಕಕ್ಕೆ ಹೋದಳು. ಇನ್ನೊಬ್ಬರು ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟರು. ಅವರ ಪಾಪಗಳು ಮಾಫ್ ಆದವು. ಬೆಕ್ಕಿನ ಆ ಕಥೆಯನ್ನು ಇನ್ನೊಮ್ಮೆ ಯೋಚಿಸಿ. ಅದು ಮುತ್ತಿಗೆಯ ಕಥೆಯೇ ಅಲ್ಲವೇ? ಕೊಡುವುದೂ ಇಲ್ಲ, ಹೋಗಗೊಡುವುದೂ ಇಲ್ಲ. ಒಂದು ಬೆಕ್ಕಿಗೆ ಮಾಡಿದ ಮುತ್ತಿಗೆಗೆ ನರಕವಾದರೆ ಒಂದು ಊರಿಗೆ, ಒಂದು ಮನೆಗೆ ಮಾಡಿದ ಮುತ್ತಿಗೆಗೆ ಏನು?

2022ರಲ್ಲಿ ನಮ್ಮ ಜಿಲ್ಲೆಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದೆಂಬ ಕೂಗೆದ್ದಾಗ ನಮಗೆ ಶಿಅಬ್ ಅಬೂತಾಲಿಬ್ ನೆನಪಾಯಿತು. ಬಳೆ ಮಾರುವವರ, ಕಬ್ಬಿನ ಹಾಲು ಮಾರುವವರ ಮನೆಯ ಒಲೆ ಆರಿದ್ದನ್ನು ನಾವು ಕಂಡೆವು. ಆ ದಿನಗಳಲ್ಲಿ ನಮ್ಮ ಪರವಾಗಿ ಮಾತಾಡಿದ ಹಿಂದೂ ಬಾಂಧವರೂ ಇದ್ದರು. ಅವರು ನಮ್ಮ ಕಾಲದ ಹಿಶಾಮ್, ಮುತ್ಇಮ್‌ಗಳು. ಅವರ ಉಪಕಾರವನ್ನು ಮರೆಯುವುದು ಸುನ್ನತ್ ಅಲ್ಲ.

ಆದರೆ ನಮ್ಮ ಒಳಗಿನ ಕರಾರುಗಳ ಗತಿಯೇನು? ಜಮಾಅತಿನ ಲೆಕ್ಕ ಕೇಳಿದ ಎಂದು ಒಂದು ಮನೆಯೊಂದಿಗೆ ಮಾತು ಬಿಡಿಸುವುದು. ಮಗಳ ಮದುವೆಯ ವಿಷಯದಲ್ಲಿ ಜಗಳವಾಯಿತೆಂದು ಆ ಮನೆಯ ನಿಕಾಹ್‌ಗೆ ಯಾರೂ ಹೋಗಬಾರದೆಂದು ಹೇಳಿಕಳುಹಿಸುವುದು. ಬೇರೆ ಪಂಗಡದವರ ಮಯ್ಯತ್‌ಗೆ ಖಬರ್‌ಸ್ತಾನದಲ್ಲಿ ಜಾಗ ಕೊಡಲು ಸತಾಯಿಸುವುದು. ಅಣ್ಣ ತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಬಾವಿಗೆ ಬೇಲಿ ಹಾಕುವುದು. ಇಂತಹವು ನಮ್ಮ ಊರುಗಳಲ್ಲಿ ನಡೆದದ್ದು ನಮಗೆಲ್ಲ ಗೊತ್ತು. ಸುಮ್ಮನಿದ್ದವರಲ್ಲಿ ನಾವೂ ಇದ್ದೇವೆ. ಕಅಬಾದಲ್ಲಿ ತೂಗುಹಾಕಿದ ಕಾಗದವನ್ನು ನಾವು ಬಾಯಿಮಾತಿನಲ್ಲಿ ಮತ್ತೆ ಬರೆಯುತ್ತಿದ್ದೇವೆ. ಉಸ್ಮಾನ್(ರ)ರ ನೀರು ತಡೆದವರೂ ತಮ್ಮದು ನ್ಯಾಯದ ಪಕ್ಷ ಎಂದೇ ತಿಳಿದಿದ್ದರು.

ಆದ್ದರಿಂದ ಈ ಜುಮಾದಿಂದ ಮುಂದಿನ ಜುಮಾದೊಳಗೆ ನಾವು ಒಂದು ಕೆಲಸ ಮಾಡೋಣ. ನಮ್ಮ ಮೊಹಲ್ಲಾದಲ್ಲಿ ಮಾತು ಬಿಟ್ಟ, ಕರೆ ಬಿಟ್ಟ, ದಾರಿ ಮುಚ್ಚಿದ ಮನೆ ಯಾವುದೆಂದು ನೆನೆಸಿಕೊಳ್ಳೋಣ. ಸಂಜೆ ಹೊತ್ತು ಒಂದು ತಟ್ಟೆ ಊಟ ಹಿಡಿದು ಆ ಬಾಗಿಲು ತಟ್ಟೋಣ. ವ್ಯಾಜ್ಯ ತೀರದಿದ್ದರೂ ಪರವಾಗಿಲ್ಲ. ಧಾನ್ಯ ಬಿಡಿ ಎಂದು ಪ್ರವಾದಿ(ಸ)ರು ಸುಮಾಮಾ(ರ)ರಿಗೆ ಬರೆದಾಗಲೂ ಮಕ್ಕಾದೊಂದಿಗಿನ ವ್ಯಾಜ್ಯ ತೀರಿರಲಿಲ್ಲ.

ಅಲ್ಲಾಹನು ಹಸಿದವರಿಗೆ ಅನ್ನವನ್ನೂ, ಬಾಯಾರಿದವರಿಗೆ ನೀರನ್ನೂ, ಮುತ್ತಿಗೆಯಲ್ಲಿ ಸಿಲುಕಿದ ಎಲ್ಲರಿಗೂ ಬಿಡುಗಡೆಯನ್ನೂ ದಯಪಾಲಿಸಲಿ. ನಮ್ಮ ಕೈಯಲ್ಲಿ ಕೀಲಿಕೈ ಇರುವಾಗ ಬಾಗಿಲು ತೆರೆಯುವ ಮನಸ್ಸನ್ನು ನಮಗೆ ಕೊಡಲಿ. ಆಮೀನ್.